ಔರಾದ ರಸ್ತೆಯ ತಂತಿ ಹಾಡುತ್ತದೆ, ಕೇಳಿದ್ದೀರಾ?

ಲೈನ್‌ಮನ್ ಮೇಲೊಂದು ಪ್ರೇಮಗೀತೆ ಇದೆ! ಹೌದು, ಕರೆಂಟ್ ಹೋದರೆ ಫೋನ್ ಮಾಡಿ ಕರೆಯುತ್ತೇವಲ್ಲ, ಅದೇ ಲೈನ್‌ಮನ್. ಸೊಂಟಕ್ಕೆ ಬೆಲ್ಟು, ಕೈಯಲ್ಲಿ ಕಟಿಂಗ್ ಪ್ಲೈಯರ್, ಕಂಬದ ತುದಿಯಲ್ಲಿ ಒಬ್ಬನೇ. ಸುತ್ತ ಕಣ್ಣು ಹಾಯುವ ತನಕ ಬಯಲು. ಕಿವಿಯ ಪಕ್ಕದಲ್ಲೇ ಗುಂಯ್‌ಗುಡುವ ತಂತಿ. ಆ ತಂತಿಯೊಳಗಿಂದ ಅವನಿಗೆ ಅವಳ ದನಿ ಕೇಳಿಸುತ್ತದೆ. ಇಷ್ಟೇ ಹಾಡು. ಎರಡೇ ಚರಣ, ಪಲ್ಲವಿಯೇ ಇಲ್ಲ, ಮೂರು ನಿಮಿಷಕ್ಕೆ ಮುಗಿದೇ ಹೋಗುತ್ತದೆ. ಆದರೆ 1968ರಲ್ಲಿ ಅಮೆರಿಕದಲ್ಲಿ ಬಂದ ಈ ಹಾಡನ್ನು ಜಗತ್ತು ಇನ್ನೂ ಕೇಳಿ ಮುಗಿಸಿಲ್ಲ. ಹೆಸರು ‘ವಿಚಿಟಾ ಲೈನ್‌ಮನ್’. ಬರೆದು ರಾಗ ಕಟ್ಟಿದವನು ಜಿಮ್ಮಿ ವೆಬ್, ಹಾಡಿದವನು ಗ್ಲೆನ್ ಕ್ಯಾಂಪ್‌ಬೆಲ್.

ನನಗೆ ಇದು ಸಿಕ್ಕಿದ್ದು ಬಸ್ಸಿನಲ್ಲಿ. ಬೀದರಿನಿಂದ ಔರಾದಕ್ಕೆ ಹೊರಟಿದ್ದೆ. ಹೈದರಾಬಾದಿನಲ್ಲಿ ನೌಕರಿಗಿರುವ ತಂಗಿಯ ಮಗ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿ, ‘ಮಾಮಾ, ಲೈನ್‌ಮನ್ ಮ್ಯಾಲ ಒಂದು ಹಾಡದ, ಕೇಳಿ ನೋಡ್ರಿ’ ಎಂದಿದ್ದ. ಕಿಟಕಿ ಪಕ್ಕದ ಸೀಟು, ಕಿವಿಗೆ ಇಯರ್‌ಫೋನು. ಜನವಾಡ ದಾಟಿತ್ತು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಹಿಂದೆ ಸರಿದು ಮಾಂಜ್ರಾ ಕಡೆಗಿನ ಕಪ್ಪು ಎರಿ ಭೂಮಿ ಶುರುವಾಗಿತ್ತು. ಎರಡೂ ಬದಿಗೆ ತೊಗರಿ, ರಸ್ತೆಗುಂಟ ಕಂಬಗಳು. ಓಡುವ ಬಸ್ಸಿನಿಂದ ಕರೆಂಟಿನ ತಂತಿಯನ್ನು ನೀವೂ ನೋಡಿರುತ್ತೀರಿ. ಒಂದು ಕಂಬದಿಂದ ಮೆಲ್ಲಗೆ ಜೋತು ಇಳಿಯುತ್ತದೆ, ಇನ್ನೊಂದು ಕಂಬ ಬರುವಷ್ಟರಲ್ಲಿ ಮತ್ತೆ ಏರುತ್ತದೆ, ಮಲಗಿದವರ ಎದೆ ಏರಿಳಿದ ಹಾಗೆ. ಚಿಕ್ಕಂದಿನಿಂದ ಸಾವಿರ ಸಲ ಕಂಡ ನೋಟ. ಅವತ್ತು ಹಾಡು ಶುರುವಾದದ್ದೇ ತಡ, ಆ ತಂತಿ ಹಾಡಿನ ಲಯಕ್ಕೇ ಏರಿಳಿಯತೊಡಗಿತು! ಮೈ ಜುಮ್ಮೆಂದಿತು. ಮುಗಿದ ಕೂಡಲೇ ಮತ್ತೆ ಹಾಕಿದೆ. ಕೌಠಾದ ಸೇತುವೆ ಬಂತು, ಕೆಳಗೆ ಮಾಂಜ್ರಾ, ಮತ್ತೆ ಹಾಕಿದೆ. ಸಂತಪುರ ಬರುವಷ್ಟರಲ್ಲಿ ಎಷ್ಟು ಸಲ ಕೇಳಿದೆನೋ ಲೆಕ್ಕ ತಪ್ಪಿತ್ತು.

ಇದರ ಹುಟ್ಟಿನ ಕತೆ ಹಾಡಿಗಿಂತ ಕಡಿಮೆ ಬೆರಗಿನದಲ್ಲ. ಜಿಮ್ಮಿ ವೆಬ್ ಹುಟ್ಟಿದ್ದು 1946ರ ಆಗಸ್ಟ್ 15ರಂದು, ಒಕ್ಲಹೋಮಾ ರಾಜ್ಯದ ಎಲ್ಕ್ ಸಿಟಿ ಎಂಬ ಸಣ್ಣ ಊರಲ್ಲಿ. ತಂದೆ ಚರ್ಚಿನ ಉಪದೇಶಕ. ಪಕ್ಕದ್ದೇ ವಾಶಿಟಾ ಕೌಂಟಿ, ನಮ್ಮ ಔರಾದ ಸೀಮೆಯ ಹಾಗೆ ಹೊಲ, ರಸ್ತೆ, ಕಂಬ ಇಷ್ಟೇ ಕಾಣುವ ಬಯಲು. ಆ ದಾರಿಯಲ್ಲಿ ಕಾರಿನಲ್ಲಿ ಹೋಗುವಾಗ ಅವನ ಕಣ್ಣಿಗೆ ಸಾಲು ಸಾಲು ಕಂಬಗಳು. ಒಂದರ ಮೇಲೆ ಒಬ್ಬ ಮನುಷ್ಯ, ಕಿವಿಗೆ ಫೋನಿನ ರಿಸೀವರ್ ಹಚ್ಚಿಕೊಂಡು. ಕಾರು ಮುಂದೆ ಹೋಯಿತು, ಮನುಷ್ಯ ಮನಸ್ಸಿನಲ್ಲೇ ಉಳಿದ. ಅಷ್ಟು ಎತ್ತರದಲ್ಲಿ, ಅಷ್ಟು ಒಂಟಿಯಾಗಿ, ಅವನು ಯಾರ ಜೊತೆ ಮಾತಾಡುತ್ತಿದ್ದ?

ವೆಬ್ ಬರೆದಿದ್ದ ಫೀನಿಕ್ಸ್ ಊರಿನ ಹಾಡೊಂದನ್ನು 1967ರಲ್ಲಿ ಹಾಡಿ ಗ್ಲೆನ್ ಕ್ಯಾಂಪ್‌ಬೆಲ್ ಹೆಸರು ಮಾಡಿದ್ದ. ಮರುವರ್ಷ ಅವನು ಫೋನ್ ಮಾಡಿ, ಅಂಥದೇ ಇನ್ನೊಂದು ಬೇಕು, ಅದರಲ್ಲೂ ಒಂದು ಊರಿನ ಹೆಸರಿರಲಿ ಎಂದು ಕೇಳಿದ. ಇಪ್ಪತ್ತೆರಡು ತುಂಬದ ಹುಡುಗ ಪಿಯಾನೋ ಮುಂದೆ ಕುಳಿತ. ಕಂಬದ ಮೇಲಿನ ಮನುಷ್ಯ ಎದ್ದು ಬಂದ. ವಾಶಿಟಾ ಎಂಬುದು ನಾಲಿಗೆಗೆ ಸಲೀಸಾಗಲೆಂದು ವಿಚಿಟಾ ಆಯಿತು. ಎರಡು ಚರಣ ಆದವು, ಮುಂದಿನದು ಆಗಲಿಲ್ಲ. ಇನ್ನೂ ಮುಗಿದಿಲ್ಲ ಎಂದು ಹೇಳಿಯೇ ಕಳಿಸಿಕೊಟ್ಟ. ದಿನಗಳು ಕಳೆದವು, ಉತ್ತರವಿಲ್ಲ. ಇಷ್ಟವಾಗಿರಲಿಕ್ಕಿಲ್ಲ ಎಂದುಕೊಂಡ. ಮುಂದೆ ಕ್ಯಾಂಪ್‌ಬೆಲ್ ಸಿಕ್ಕಾಗ ಕೇಳಿದರೆ, ಹಾಡು ಆಗಲೇ ರೆಕಾರ್ಡ್ ಆಗಿಹೋಗಿತ್ತು! ಅದು ಅರ್ಧವೇ ಇತ್ತಲ್ಲ ಎಂದು ವೆಬ್ ಗಾಬರಿಯಾದರೆ, ಈಗ ಪೂರ್ತಿಯಾಗಿದೆ ಎಂದು ಕ್ಯಾಂಪ್‌ಬೆಲ್ ಸಮಾಧಾನ ಹೇಳಿದ.

ಹೇಗೆ ಪೂರ್ತಿಯಾಯಿತು? ಇಲ್ಲಿದೆ ನೋಡಿ ಚಮತ್ಕಾರ. ಮೂರನೆಯ ಚರಣ ಇರಬೇಕಾದ ಜಾಗದಲ್ಲಿ ಕ್ಯಾಂಪ್‌ಬೆಲ್ ಮಾತೇ ಇಲ್ಲದೆ ತಂತಿ ಮೀಟಿದ. ಅವನು ಅರ್ಕನ್ಸಾಸ್ ರಾಜ್ಯದ ಪಾಲು ಬೇಸಾಯದ ಬಡ ಕುಟುಂಬದವನು, ಹನ್ನೆರಡು ಮಕ್ಕಳ ಮನೆ. ಸ್ವರಲಿಪಿ ಓದಲು ಬಾರದಿದ್ದರೂ ಲಾಸ್ ಏಂಜಲಿಸ್‌ನ ಸ್ಟುಡಿಯೋಗಳಲ್ಲಿ ದೊಡ್ಡ ದೊಡ್ಡವರ ಹಾಡಿಗೆ ಗಿಟಾರ್ ನುಡಿಸಿ ಬೆಳೆದವನು. ಅಲ್ಲಿನ ಬೇಸ್ ಗಿಟಾರ್ ವಾದಕಿ ಕ್ಯಾರಲ್ ಕೇ ಅವರ ಕೈಯಿಂದ ಆರು ತಂತಿಯ ಬೇಸ್ ಗಿಟಾರ್ ಇಸಕೊಂಡು, ಗಂಟಲು ಕಟ್ಟಿದವನ ಹಾಗೆ ತಗ್ಗು ಸ್ವರದಲ್ಲಿ ಹಾಡಿನ ಧಾಟಿಯನ್ನೇ ನುಡಿಸಿದ. ಕಂಬದ ಮೇಲಿನವನಿಗೆ ಹೇಳಲು ಶಬ್ದ ಸಿಗದಾಗ ತಂತಿ ಮಾತಾಡಿತು. ಹಾಡಿನ ಅರ್ಥವೇ ಅದಲ್ಲವೇ!

ಕಿವಿಗೊಟ್ಟು ಕೇಳಿದರೆ ಇನ್ನೂ ಇದೆ. ಶುರುವಿನಲ್ಲಿ ಮೆಟ್ಟಿಲು ಇಳಿದ ಹಾಗೆ ಬರುವ ಬೇಸ್ ನುಡಿ ಕ್ಯಾರಲ್ ಕೇ ಅವರದು. ಹಿಂದೆ ಮೇಲಿನ ಸ್ಥಾಯಿಯಲ್ಲಿ ನಿಂತ ಪಿಟೀಲುಗಳು ತಂತಿಯ ಗುಂಗನ್ನು ಹಿಡಿಯುತ್ತವೆ. ಕೊನೆಕೊನೆಗೆ ಟಿಂವ್ ಟಿಂವ್ ಎಂದು ದೂರದ ಸಂದೇಶ ಬಡಿದ ಹಾಗೆ ಕೇಳುವುದು ವೆಬ್ ಮನೆಯ ಆರ್ಗನ್. ಆ ದೊಡ್ಡ ಪೆಟ್ಟಿಗೆಯನ್ನು ಈ ಒಂದು ಸಪ್ಪಳಕ್ಕಾಗಿ ಸ್ಟುಡಿಯೋಗೆ ಹೊತ್ತು ತರಿಸಿದರು. ಎಲ್ಲಕ್ಕಿಂತ ಒಳಗಿನ ಗುಟ್ಟು ಸ್ವರದ್ದು. ನಮ್ಮ ಗವಾಯಿ ಎಲ್ಲಿಗೆ ಹೋಗಿ ತಿರುಗಾಡಿ ಬಂದರೂ ಕೊನೆಗೆ ಸಾ ಮೇಲೆ ಬಂದು ಕೂಡಬೇಕು, ಆಗಲೇ ಕೇಳುವವನ ಜೀವಕ್ಕೆ ನೆಮ್ಮದಿ. ಈ ಹಾಡು ಹೊರಟ ಮನೆಗೆ ಮರಳುವುದೇ ಇಲ್ಲ! ಒಂದು ಶ್ರುತಿಯಲ್ಲಿ ಹೊರಟು ಕೆಲವೇ ಸಾಲುಗಳಲ್ಲಿ ಬೇರೊಂದಕ್ಕೆ ಜಾರುತ್ತದೆ, ಅಲ್ಲೂ ನೆಲೆಯಾಗಿ ಕೂಡುವುದಿಲ್ಲ, ಹಾಗೇ ದೂರ ದೂರ ಸಾಗಿ ಕಿವಿಯಿಂದ ಮರೆಯಾಗುತ್ತದೆ. ಮನೆಗೆ ಹೋಗಲಾಗದವನ ಹಾಡಿಗೆ ಮನೆಗೆ ಹೋಗದ ರಾಗ. ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಡು ಬಿಲ್‌ಬೋರ್ಡಿನ ಕಂಟ್ರಿ ಪಟ್ಟಿಯಲ್ಲಿ 1ನೆಯ ಸ್ಥಾನಕ್ಕೂ ಪಾಪ್ ಪಟ್ಟಿಯಲ್ಲಿ 3ನೆಯ ಸ್ಥಾನಕ್ಕೂ ಏರಿತು. ಹಳ್ಳಿಗರೂ ಕೇಳಿದರು, ಪೇಟೆಯವರೂ ಕೇಳಿದರು. 2020ರ ಮಾರ್ಚ್‌ನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿರುವುದಾಗಿ ಘೋಷಿಸಿತು.

ಇಷ್ಟೆಲ್ಲ ಅವರದು. ನಮ್ಮದೇನು? ಹೊಳೆದದ್ದು ಭಾಲ್ಕಿಯಲ್ಲಿ, ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಉದಗೀರ ಕಡೆಯ ಗಾಡಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ಅಜ್ಜ ಒಬ್ಬರು ತಮ್ಮ ಕಾಲದ ಮಾತು ತೆಗೆದು, ‘ಆಗ ತಂತಿ ಬಂತು ಅಂದ್ರ ಮನ್ಯಾಗ ಮಂದಿ ಅಳಲಿಕ್ಕೇ ಸುರು ಮಾಡ್ತಿದ್ರು’ ಎಂದರು. ತಂತಿ! ನಾನು ಬೆಂಚಿನಿಂದ ಎದ್ದೇ ಬಿಟ್ಟೆ. ಕನ್ನಡದಲ್ಲಿ ಕಂಬದ ಮೇಲಿನದೂ ತಂತಿ, ಅಂಚೆಯವನು ತರುತ್ತಿದ್ದ ತುರ್ತು ಸುದ್ದಿಯೂ ತಂತಿ, ಏಕತಾರಿಯಲ್ಲಿ ಬಿಗಿದದ್ದೂ ತಂತಿ. ಒಂದು ಕಂಬಕ್ಕೆ, ಒಂದು ಎದೆಗೆ, ಒಂದು ಹಾಡಿಗೆ. ಒಕ್ಲಹೋಮಾದ ಹುಡುಗ ಎರಡು ಚರಣ, ಹತ್ತಾರು ಪಿಟೀಲು, ಒಂದು ಆರ್ಗನ್ ಸೇರಿಸಿ ಯಾವ ಮೂರನ್ನು ಗಂಟು ಹಾಕಿದನೋ, ಆ ಮೂರೂ ನಮ್ಮ ಒಂದೇ ಶಬ್ದದೊಳಗೆ ಎಂದಿನಿಂದಲೋ ಕೂತಿವೆ! ಬೇಂದ್ರೆಯವರಿಗೆ 1973ರ ಜ್ಞಾನಪೀಠ ತಂದ ಸಂಕಲನದ ಹೆಸರೂ ‘ನಾಕುತಂತಿ’. ನಮ್ಮ ದೇಶದಲ್ಲಿ ತಂತಿ ಸುದ್ದಿಯ ಸೇವೆ 2013ರ ಜುಲೈ 14ರ ರಾತ್ರಿ ನಿಂತುಹೋಯಿತು. ಶಬ್ದ ಮಾತ್ರ ಅಜ್ಜನ ಬಾಯಲ್ಲಿ ಬೆಚ್ಚಗಿದೆ.

ವಿರಹಿಗೆ ದೂತ ಬೇಕು ಎನ್ನುವುದೂ ನಮಗೆ ಹೊಸದಲ್ಲ. ಹಂಸ ಹೋಯಿತು, ಗಿಳಿ ಹೋಯಿತು, ಕಾಳಿದಾಸನ ಮೋಡ ಹೋಯಿತು. ಬೇಂದ್ರೆ ಅದೇ ಮೋಡವನ್ನು ‘ಕನ್ನಡ ಮೇಘದೂತ’ದಲ್ಲಿ ನಮ್ಮ ನುಡಿಗೆ ಇಳಿಸಿದರು. ಆ ಯಕ್ಷ ಯಾರು, ನೆನಪಿದೆಯೇ? ಕುಬೇರನ ಕೈಕೆಳಗಿನ ನೌಕರ. ಡ್ಯೂಟಿಯಲ್ಲಿ ತಪ್ಪಿದ್ದಕ್ಕೆ ಒಂದು ವರ್ಷ ಹೆಂಡತಿಯಿಂದ ದೂರ ಇರಬೇಕಾದ ಶಿಕ್ಷೆ ಅವನಿಗೆ. ಲೈನ್‌ಮನ್ ತಪ್ಪೇ ಮಾಡಿಲ್ಲ. ಡ್ಯೂಟಿ ಸರಿಯಾಗಿ ಮಾಡುತ್ತಿರುವುದಕ್ಕೇ ದೂರ ಇದ್ದಾನೆ! ಹಾಡಿನಲ್ಲಿ ಅವನ ಅರ್ಧ ಮಾತೆಲ್ಲ ರಜೆಯದು, ಹವೆಯದು, ಲೈನಿನ ಮೇಲೆ ಬೀಳುವ ಭಾರದ್ದು. ನಡುವೆ ತಟ್ಟನೆ ಅವಳು ಬಂದು ಹೋಗುತ್ತಾಳೆ.

ಇದನ್ನು ಯೋಚಿಸುತ್ತಿದ್ದಾಗ ಭಾಲ್ಕಿಯ ಪಟ್ಟದ್ದೇವರು ನೆನಪಾದರು. ನಿಜಾಮರ ಕಾಲ. ಕನ್ನಡ ಕಲಿಸುವುದೇ ಕಷ್ಟವಿದ್ದ ದಿನಗಳಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಈ ಸೀಮೆಯ ಯಾವ ಹಿರಿಯರನ್ನು ಕೇಳಿದರೂ ಇದನ್ನು ಕಣ್ಣರಳಿಸಿ ಹೇಳುತ್ತಾರೆ. ಅತ್ಯಂತ ಪ್ರೀತಿಯದನ್ನು ಬೋರ್ಡಿನ ಮೇಲೆ ಬರೆಯಲಾಗದಾಗ ಒಳಮನೆಯಲ್ಲಿ ಬೆಳಗಬೇಕಾಗುತ್ತದೆ. ಈ ಹಾಡಿನ ಬೋರ್ಡಿನ ಮೇಲೆ ಇರುವುದು ಕೆಲಸ, ಒಳಗೆ ಇರುವುದು ಅವಳು. ಆ ಕಾರಣಕ್ಕೇ ಇದು ನೂರು ಪ್ರೇಮಗೀತೆಗಳ ನಡುವೆ ಬೇರೆಯಾಗಿ ನಿಲ್ಲುತ್ತದೆ ಎಂದು ನನ್ನ ತೀರ್ಮಾನ.

ಸರಿ, ತಂತಿ ನಿಜವಾಗಿ ಹಾಡುತ್ತದೆಯೇ? ಹಾಡುತ್ತದೆ! 1878ರಲ್ಲಿ ಚೆಕ್ ವಿಜ್ಞಾನಿ ವಿನ್ಸೆಂಜ್ ಸ್ಟ್ರೌಹಾಲ್ ಗಾಳಿಗೆ ತಂತಿ ದನಿ ಮಾಡುವುದನ್ನು ಅಳೆದ. ಗಾಳಿ ತಂತಿಯನ್ನು ಅಡ್ಡ ಹಾಯುವಾಗ ಅದರ ಹಿಂದೆ ಸಣ್ಣ ಸುಳಿಗಳು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಕಳಚಿಕೊಳ್ಳುತ್ತ ಹೋಗುತ್ತವೆ. ಆ ಕಳಚುವ ಲಯವೇ ದನಿ. ಲೆಕ್ಕವೂ ಸುಲಭ. ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ, ಬಂದದ್ದರಲ್ಲಿ ಐದರಲ್ಲೊಂದು ಪಾಲು ತೆಗೆದುಕೊಂಡರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಸಿಗುತ್ತದೆ. 11 ಕೆ.ವಿ. ಲೈನಿಗೆ ಎಳೆಯುವ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರುಗಳಿವೆ, ಗೊತ್ತೇ? ಅಳಿಲು, ಮೊಲ, ನಾಯಿ! ಇಂಗ್ಲಿಷಿನಲ್ಲಿ ರ‍್ಯಾಬಿಟ್ ಎನ್ನುವ ತಂತಿಯಲ್ಲಿ ನಡುವೆ ಒಂದು ಉಕ್ಕಿನ ಎಳೆ, ಸುತ್ತ ಆರು ಅಲ್ಯೂಮಿನಿಯಂ ಎಳೆ, ಒಟ್ಟು ದಪ್ಪ ಹತ್ತು ಮಿಲಿಮೀಟರ್. ಇದರ ಮೇಲೆ ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ, ಅಂದರೆ ಔರಾದ ಬಯಲಿನ ಸಾಧಾರಣ ಸಂಜೆಗಾಳಿ ಬೀಸಿದರೆ ಎಷ್ಟು? ನೂರು. ಸೆಕೆಂಡಿಗೆ ನೂರು ಕಂಪನ.

ಈಗ ಕಂಬದ ಕೆಳಗಿನ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್ ಕಡೆ ಬನ್ನಿ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ. ಒಂದೊಂದು ಆವರ್ತಕ್ಕೆ ಎರಡು ಸಲ ಟಿ.ಸಿ.ಯೊಳಗಿನ ಕಬ್ಬಿಣದ ತಿರುಳು ಸೆಟೆದುಕೊಳ್ಳುತ್ತದೆ. ಅದರ ಗುಂಯ್ ಎಂಬ ದನಿ ಎಷ್ಟಾಯಿತು? ಅದೂ ನೂರು! ಮೇಲೆ ಗಾಳಿ ಹಾಡುವ ಸ್ವರ, ಕೆಳಗೆ ಕರೆಂಟು ಹಾಡುವ ಸ್ವರ, ಒಂದು ಹದದ ಗಾಳಿಯಲ್ಲಿ ಎರಡೂ ಒಂದೇ. ಗಂಡು ಗವಾಯಿಯ ಮಂದ್ರ ಪಂಚಮದ ಆಸುಪಾಸಿನ ಆಳದ ಸ್ವರ. ಮಾಣಿಕನಗರದ ಕಡೆ ಭಜನೆಗೆ ಕೂತವರ ಹಿಂದೆ ತಂಬೂರಿ ಗುಂಯ್‌ಗುಡುತ್ತದಲ್ಲ, ಅಂಥ ಶ್ರುತಿಯೊಂದು ಹಗಲೂ ರಾತ್ರಿ ನಮ್ಮ ಹೊಲಗಳ ಮೇಲೆ ಹರಡಿಕೊಂಡೇ ಇದೆ. ಕಾಗದದ ಮೇಲೆ ಈ ಲೆಕ್ಕ ಕೂಡಿ ಬಂದಾಗ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತೆ.

ಇಷ್ಟಾದ ಮೇಲೆ ಒಬ್ಬ ಲೈನ್‌ಮನ್‌ಗೆ ಹಾಡು ಕೇಳಿಸದೆ ಇರಲಾಗುತ್ತದೆಯೇ? ಕಾಗದಪತ್ರದಲ್ಲಿ ಈಗ ಅವರು ಪವರ್‌ಮ್ಯಾನ್. ಜನರ ಬಾಯಲ್ಲಿ ಲೈನ್‌ಮನ್ನೇ. ಔರಾದದಲ್ಲಿ ಅಮರೇಶ್ವರ ಗುಡಿಯ ಹತ್ತಿರದ ಚಹಾದಂಗಡಿಯಲ್ಲಿ ಒಬ್ಬರು ಸಿಕ್ಕರು. ಬೆಳಗಿನಿಂದ ಮೂರು ಕಂಬ ಹತ್ತಿ ಬಂದಿದ್ದರು. ಅಂಗೈಯಲ್ಲಿ ಎರಡು ಬೆರಳಿನ ಬುಡಕ್ಕೆ ಗಟ್ಟಿ ಜಡ್ಡು, ಅಂಗಿಯ ತೋಳಿನ ಮೇಲೆ ಕಂಬದ ಸಿಮೆಂಟಿನ ಬೂದು ಬಣ್ಣದ ಗೀರು. ಇಯರ್‌ಫೋನಿನ ಒಂದು ತುದಿ ಅವರಿಗೆ, ಒಂದು ನನಗೆ. ಅರ್ಥವನ್ನು ನಡುನಡುವೆ ಹೇಳುತ್ತ ಹೋದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಮುಗಿದ ಮೇಲೆ ಮೊದಲು ಕೇಳಿದ ಮಾತು ಇದು: ‘ಇವ ಎಲ್.ಸಿ. ತಗೊಂಡಾನಿಲ್ರಿ?’

ಎಲ್.ಸಿ. ಎಂದರೆ ಲೈನ್ ಕ್ಲಿಯರ್. ಸಬ್‌ಸ್ಟೇಷನ್ನಿನಲ್ಲಿ ಲೈನ್ ಬಂದ್ ಮಾಡಿದ್ದಾರೆ, ಹತ್ತಬಹುದು ಎಂಬ ಅಪ್ಪಣೆ. ಅದಿಲ್ಲದೆ ಕಂಬ ಮುಟ್ಟುವಂತಿಲ್ಲ. ಸಾವಿರಾರು ಮೈಲಿಯಾಚೆಯ, ಹಾಡಿನೊಳಗಿನ ಒಬ್ಬ ಲೈನ್‌ಮನ್‌ನ ಜೀವಕ್ಕೆ ಏನೂ ಆಗಬಾರದು ಎಂದು ಔರಾದದ ಲೈನ್‌ಮನ್‌ಗೆ ಕಾಳಜಿ! ಅದು ಟೆಲಿಫೋನ್ ತಂತಿ ಇದ್ದೀತು ಎಂದೆ. ಸಮಾಧಾನವಾದಂತೆ ಕಂಡಿತು. ಕಂಬದ ಮೇಲೆ ನಿಮಗೂ ಮನೆಯವರ ನೆನಪು ಬರುತ್ತದೆಯೇ ಎಂದು ಕೇಳಿದೆ. ತಲೆಯಾಡಿಸಿದರು. ‘ಮ್ಯಾಲ ನೆನಪ ಮಾಡ್ಕೋಬಾರ್ದ್ರಿ. ಕೈ ತಪ್ಪತದ. ಕೆಳಗ ಇಳದ ಮ್ಯಾಲ ಎಲ್ಲಾ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: ಆಣೆಕಲ್ಲು ಮಳೆ ಹೊಡೆದು ಲೈನ್ ಹರಿದ ರಾತ್ರಿಗಳಲ್ಲಿ ಮನೆಯಿಂದ ಫೋನ್ ಬರುತ್ತದೆ. ಊಟ ಆಯಿತೇ, ಎಷ್ಟೊತ್ತಿಗೆ ಬರುತ್ತೀರಿ, ಯಾವುದೂ ಅಲ್ಲ. ಹೆಂಡತಿ ಕೇಳುವುದು ಒಂದೇ ಮಾತು. ‘ಇಳದೀರೇನ್ರಿ?’

ಅಬ್ಬಾ! ವೆಬ್ ಬರೆಯಲಾರದೆ ಬಿಟ್ಟ ಮೂರನೆಯ ಚರಣ ಇದೇ ಇರಬೇಕು. ಹಾಡಿನಲ್ಲಿ ಅವನು ಅವಳ ದನಿ ಕೇಳುತ್ತಾನೆ, ಆದರೆ ಅವಳು ಏನು ಹೇಳಿದಳು ಎಂಬುದು ಎಲ್ಲೂ ಇಲ್ಲ. ಇಲ್ಲಿ ಔರಾದದಲ್ಲಿ, ಗಡಿಯಂಚಿನ ಒಂದು ಊರಲ್ಲಿ, ಅವಳು ಒಂದೇ ಶಬ್ದದಲ್ಲಿ ಹೇಳಿಬಿಟ್ಟಿದ್ದಾಳೆ. ನಮ್ಮ ತಾಯಂದಿರ ಬೀಸುವ ಕಲ್ಲಿನ ಪದಗಳಲ್ಲೂ ಹೀಗೇ. ದೂರ ಹೋದವನ ಮೇಲಿನ ಜೀವವನ್ನು ಅವರು ನೇರ ಹೇಳಿಕೊಂಡಿದ್ದು ಕಡಿಮೆ. ಕಲ್ಲು ತಿರುಗಿಸುತ್ತ, ಜೋಳದ ಜೊತೆ ಅದನ್ನೂ ಸುರಿಯುತ್ತ, ಮೂರು ಸಾಲಿನಲ್ಲಿ ಮುಗಿಸಿ ಮುಂದಿನ ಹಿಡಿ ಕಾಳು ಹಾಕುತ್ತಿದ್ದರು. ಕೈಗೆ ಕೆಲಸ, ದನಿಗೆ ಹಂಬಲ. ಇವತ್ತು ಔರಾದ, ಭಾಲ್ಕಿಯ ಎಷ್ಟೋ ಮನೆಗಳ ಗಂಡಸರು ಹೈದರಾಬಾದಿನಲ್ಲಿ, ಪುಣೆಯಲ್ಲಿ ದುಡಿಯುತ್ತಾರೆ. ಕಲ್ಲು ಮೂಲೆ ಸೇರಿದೆ, ಫೋನು ಕೈಗೆ ಬಂದಿದೆ. ಹಂಬಲ ಇದ್ದಲ್ಲೇ ಇದೆ.

ಕ್ಯಾಂಪ್‌ಬೆಲ್‌ನ ಕೊನೆಯ ದಿನಗಳ ಮಾತೊಂದು ಹೇಳಲೇಬೇಕು. 2011ರಲ್ಲಿ ಅವನಿಗೆ ಆಲ್ಝೈಮರ್ ಕಾಯಿಲೆ ಇರುವುದು ಜಗತ್ತಿಗೆ ಗೊತ್ತಾಯಿತು. ನೆನಪು ಒಂದೊಂದಾಗಿ ಕಳಚತೊಡಗಿತು. ಆದರೂ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗಿ ವಿದಾಯದ ಕಛೇರಿ ಕೊಟ್ಟ. ಹಾಡಿನ ಮಾತು ಮರೆತು ಎದುರಿನ ಪರದೆ ನೋಡಬೇಕಾಗುತ್ತಿತ್ತು. ಗಿಟಾರ್ ನುಡಿಸುವ ಜಾಗ ಬಂದಾಗ ಮಾತ್ರ ಪರದೆ ಬೇಕಾಗಲಿಲ್ಲ. ಬೆರಳು ತಾವಾಗಿ ತಂತಿಯ ಮೇಲೆ ಓಡುತ್ತಿದ್ದವು. ಮಾತು ಹೋದ ಮೇಲೂ ತಂತಿ ಉಳಿಯಿತು. 2017ರ ಆಗಸ್ಟ್ 8ರಂದು ಅವನು ತೀರಿಕೊಂಡ.

ನಮ್ಮ ದೇಶದಲ್ಲಿ ಮಾರ್ಚ್ 4 ಲೈನ್‌ಮನ್ ದಿವಸ. ನಿಮ್ಮ ಫೋನಿನಲ್ಲೂ ಒಬ್ಬ ಲೈನ್‌ಮನ್ ನಂಬರ್ ಇದ್ದೇ ಇರುತ್ತದೆ, ಬಹುಶಃ ಹೆಸರಿನ ಬದಲು ಬರೀ ‘ಲೈನ್‌ಮನ್’ ಎಂದೇ. ಆ ದಿನ ಅವರಿಗೆ ಈ ಹಾಡು ಕಳಿಸಿ. ಬೀದರಿನಿಂದ ಔರಾದದ ಕಡೆ ಹೋಗುವುದಿದ್ದರೆ, ಕೌಠಾ ಸೇತುವೆ ದಾಟಿದ ಮೇಲೆ ಎಲ್ಲಾದರೂ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸಂಜೆಗಾಳಿ ಏಳುವ ತನಕ ಕಾಯಿರಿ. ಕಂಬದಿಂದ ಹತ್ತು ಹೆಜ್ಜೆ ದೂರವೇ ನಿಲ್ಲಿ. ಮುಟ್ಟಬೇಡಿ. ಅಲ್ಲಿಂದಲೇ ಕೇಳಿಸುತ್ತದೆ.